ಮೋರ್ಸ್‌ಬಿಯ ಮನೆಗೆ ಕಾವಲು

ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿ ಜನರೇಟರ್ ರಿಪೇರಿಯ ಕೆಲಸ ಸಿಕ್ಕಿದೆ, ಬರುತ್ತೇನೋ ಇಲ್ಲವೋ ನಾಳೆಯೊಳಗೆ ಹೇಳಬೇಕು ಎಂದು ಕೌಪಾ ತನ್ನ ಚಿಂಬು ಗುಡ್ಡದ ಹಳ್ಳಿಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಗೆಣಸು ಬೇಯುವ ಹೊತ್ತಿಗೆ ನೆಂಟರೆಲ್ಲ ಅವನ ಒಲೆಯ ಸುತ್ತ ಕೂತಿದ್ದರು.

"ಅಲ್ಲಿ ಹಾಡಹಗಲೇ ಚಾಕು ತೋರ್ಸಿ ದೋಚ್ತಾರಂತೆ ಕಣೋ," ಎಂದ ಸೋದರಮಾವ ವೆಮಿನ್. "ಅರ್ಧ ಸಂಬಳ ಮನೆಬಾಡಿಗೆಗೇ ಹೋಗತ್ತೆ. ಗೆಣಸನ್ನೂ ದುಡ್ಡು ಕೊಟ್ಟು ತಿನ್ಬೇಕು."

"ಹಂಗಾದ್ರೆ ಬೇಡ ಅಂತೀಯಾ ಮಾವ?"

"ಬೇಡ ಅಂದ್ನಾ? ಒಂಟಿಯಾಗಿ ಹೋಗ್ಬೇಡ ಅಂದೆ. ಮನೆ ತುಂಬ ಜನ ಇದ್ರೆ ಯಾವ ಕಳ್ಳ ಬರ್ತಾನೆ? ನಾನು, ನನ್ನ ಮಕ್ಕಳು ಬರ್ತೀವಿ. ಅಲ್ಲಿಗೆ ರಸ್ತೆಯಂತೂ ಇಲ್ಲ, ವಿಮಾನದ ಟಿಕೆಟ್ ಮಾತ್ರ ನೀನು ಕಳ್ಸು."

ಅತ್ತೆಯೂ ಕಾವಲಿಗೆ ಒಪ್ಪಿದಳು. ಪಕ್ಕದ ಮನೆಯವನು ತನ್ನ ನಾಯಿಯನ್ನೂ ಕರೆತರುವುದಾಗಿ ಹೇಳಿದ. ತನ್ನ ಭಾಷೆಯಾಡುವ ಜನ ಬಾಗಿಲಿಗೆ ಬಂದರೆ ಬೇಡವೆನ್ನುವ ಪದ್ಧತಿ ಆ ಸೀಮೆಯಲ್ಲಿಲ್ಲ. ಕೌಪಾ ತಲೆಯಾಡಿಸುತ್ತ ಕೂತ.

ಎಲ್ಲರೂ ಉಂಡು ಎದ್ದುಹೋದ ಮೇಲೆ ಹೆಂಡತಿ ಅಗ್ನೆಸ್ ಪಾತ್ರೆಯ ತಳ ಕೆರೆದು ನೋಡಿದಳು. ಒಂದು ಗೆಣಸೂ ಉಳಿದಿರಲಿಲ್ಲ.

"ಕಳ್ಳರೇ ವಾಸಿ ರೀ," ಎಂದಳು. "ಬಂದ್ರೂ ವಾಪಸ್ಸು ಹೋಗ್ತಾರೆ."

ಮರುದಿನ ಕೌಪಾ ಫೋನ್ ಮಾಡಿ ಕೆಲಸ ಬೇಡವೆಂದ. ಕಳ್ಳರ ಭಯಕ್ಕೆ ಬಿಟ್ಟೆ ಎಂದು ಊರಿಗೆ ಹೇಳಿದ. ಪಾಪ, ಹೆದರಿದ್ದಾನೆ ಎಂದು ಸಮಾಧಾನ ಹೇಳಲು ಎಲ್ಲರೂ ಸಂಜೆ ಮತ್ತೆ ಬಂದರು, ಗೆಣಸು ಬೇಯುವ ಹೊತ್ತಿಗೆ ಸರಿಯಾಗಿ.