ಕೊಂಡ್ಲಹಳ್ಳಿಯ ಬಿಳಿ ಸ್ಯಾಂಟ್ರೊ

ಅಷ್ಟು ಚೆಂದದ ಕಾರು ಅಷ್ಟು ಅಗ್ಗಕ್ಕೆ ಸಿಕ್ಕರೆ ಯಾರಾದರೂ ಒಂದು ಗಳಿಗೆ ಯೋಚಿಸುತ್ತಾರೆ. ನಾನು ಯೋಚಿಸಲಿಲ್ಲ. ಹೆಂಡತಿ ಪವಿತ್ರಳಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ, ಮೂರನೆಯದಕ್ಕೆ ಏಳು ತುಂಬಿತ್ತು. ಮೊಳಕಾಲ್ಮುರಿನಿಂದ ಚಳ್ಳಕೆರೆ ಆಸ್ಪತ್ರೆಗೆ ಅವಳನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಲು ನನಗೆ ಧೈರ್ಯವಿರಲಿಲ್ಲ. "ಈ ಕೂಸೂ ಉಳೀಲಿಲ್ಲ ಅಂದ್ರೆ ನಾನೂ ಉಳಿಯಲ್ಲ ಕಣ್ರಿ," ಅಂದಿದ್ದಳು.

ಕಾರು ಕೊಂಡ್ಲಹಳ್ಳಿಯ ಗೀತಮ್ಮನವರ ಶೆಡ್ಡಿನಲ್ಲಿತ್ತು. ಹಳೆಯ ಬಿಳಿ ಸ್ಯಾಂಟ್ರೊ. ಬಾನೆಟ್ ಎತ್ತಿ ನೋಡಿದೆ, ಅಡಿಗೆ ನುಸುಳಿ ನೋಡಿದೆ. ತುಕ್ಕಿಲ್ಲ, ಗೀರಿಲ್ಲ. ತೀರಿಹೋದ ಯಜಮಾನರು ಅದನ್ನು ದಿನಾ ಒರೆಸುತ್ತಿದ್ದರಂತೆ. ಹಿಂದಿನ ಸೀಟಿನ ಮೇಲೆ ಒಗೆದ ದುಪ್ಪಟಿ ಹಾಸಿ ಒಂದು ದಿಂಬು ಇಟ್ಟಿದ್ದರು; ಅದರ ನಡುವೆ ತಲೆ ಇಟ್ಟಷ್ಟು ತಗ್ಗಿತ್ತು. ಒಂದು ಬೈಕಿನ ಬೆಲೆಗೆ ಕೊಡುತ್ತೇನೆ ಅಂದರು ಗೀತಮ್ಮ.

ಹೆಂಡತಿ ಬಸುರಿ ಅಂದದ್ದೇ ತಡ, ಗೀತಮ್ಮನ ಮುಖ ಬಾಡಿತು.

"ಹಂಗಾರೆ ಬ್ಯಾಡಪ್ಪ. ನನ್ ಮಗಳು ತೇಜಶ್ರೀನ ಹೆರಿಗೆಗೆ ಇದ್ರಾಗೇ ಕರ್ಕಂಡು ಹೊಂಟಿದ್ವಿ. ಅವರಪ್ಪನೇ ಓಡಿಸ್ತಿದ್ರು. ತಳಕು ದಾಟಿದ್ವಿ, ಚಳ್ಳಕೆರೆ ಮುಟ್ಲಿಲ್ಲ. ಅವಳೂ ಹೋದ್ಲು, ಕೂಸೂ ಹೋತು."

ನಾನು ಬಿಡುವ ಆಸಾಮಿಯೇ? ಅಂಗಲಾಚಿ ಒಪ್ಪಿಸಿದೆ. ಬೀಗದ ಕೈ ಕೊಡುವಾಗ ಅವರು ನನ್ನ ಮುಂಗೈ ಹಿಡಿದುಕೊಂಡರು.

"ಪೂಜೆ ಗುಡಿ ಮುಂದೆ ಮಾಡಿಸ್ಕ. ಮನೆ ಮುಂದೆ ಆರತಿ ಎತ್ತಿ ಒಳಗೆ ಮಾತ್ರ ಕರೀಬ್ಯಾಡ್ರಿ."

ನಮ್ಮ ಕಡೆ ಮದುಮಗಳಾಗಲಿ, ಎಮ್ಮೆಯಾಗಲಿ, ಬೈಕಾಗಲಿ, ಹೊಸದಾಗಿ ಬಂದರೆ ಹೊಸ್ತಿಲ ಮುಂದೆ ಆರತಿ ಎತ್ತಿ ಒಳಗೆ ಕರೆಯುವುದು ರೂಢಿ. ಬೇಡ ಅಂತ ನಮ್ಮವ್ವ ಕೆಂಚಕ್ಕನಿಗೆ ಹೇಳಿದೆ. ಅವಳು ಹಠಕ್ಕೆ ಬಿದ್ದರೆ ದೇವರೂ ಕೈಕಟ್ಟಿ ನಿಲ್ಲಬೇಕು.

"ಮನೆಗ್ ಬಂದ ಲಕ್ಷ್ಮೀನ ಬೀದೀಲಿ ನಿಲ್ಲಿಸ್ತಾರೇನೋ, ತಲೆ ಕೆಟ್ಟೈತಾ ನಿಂಗೆ?"

ಕಾರಿನ ನಾಲ್ಕೂ ಬಾಗಿಲು ತೆಗೆಸಿ ಕೆಂಪು ನೀರಿನ ತಟ್ಟೆ ಎತ್ತಿದಳು. "ಬಾರವ್ವ, ಒಳಗೆ ಬಾ. ಇದು ನಿನ್ ಮನೆ."

ಹಿಂದಿನ ಸೀಟು ಕಿರುಗುಟ್ಟಿತು. ಒತ್ತಿಕೊಂಡಿದ್ದ ದಿಂಬು, ಯಾರೋ ತಲೆ ಎತ್ತಿದಂತೆ, ಮೆಲ್ಲಗೆ ಉಬ್ಬಿತು. ಹೊಸ್ತಿಲಲ್ಲಿ ನಿಂತಿದ್ದ ಪವಿತ್ರ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಯಾಕೆ?" ಅಂದೆ.

"ಯಾರೋ ಬಂದಂಗಾತು."

ಬೆಳ್ಳುಳ್ಳಿ ವಾಸನೆಗೇ ಮುಖ ತಿರುಗಿಸುತ್ತಿದ್ದ ಪವಿತ್ರ ಅಂದಿನಿಂದ ಹಸಿ ಬೆಳ್ಳುಳ್ಳಿ ಜಗಿಯತೊಡಗಿದಳು. ಅವ್ವ ಬಯಕೆ ಅಂತ ನಕ್ಕಳು. ತಪಾಸಣೆಗೆ ಹೋಗುವಾಗೆಲ್ಲ ಹಿಂದೆ ಆ ದಿಂಬಿಗೇ ಒರಗುತ್ತಿದ್ದಳು. ತಳಕು ದಾಟಿದರೆ ಸಾಕು, ನನ್ನ ಸೀಟನ್ನು ಗಟ್ಟಿಯಾಗಿ ಹಿಡಿದು, "ಜಲ್ದಿ ಹೋಗ್ರಿ, ಜಲ್ದಿ" ಅನ್ನುತ್ತಿದ್ದಳು. ನನಗೆ ಭಯವಾಗುತ್ತಿತ್ತು, ಆದರೆ ಯಾರಿಗೆ ಹೇಳಲಿ?

ನೋವು ಬಂದದ್ದು ಮಟಮಟ ಮಧ್ಯಾಹ್ನ. ತಳಕು ದಾಟಿದ ಮೇಲೆ ಒಮ್ಮೆ ಚೀರಿ ಸುಮ್ಮನಾದಳು. ಕನ್ನಡಿಯಲ್ಲಿ ನೋಡಿದರೆ ಕತ್ತು ವಾಲಿತ್ತು, ಎದೆ ಆಡುತ್ತಿರಲಿಲ್ಲ. "ಪವಿತ್ರಾ!" ಎಂದು ಕೂಗುತ್ತ ಬ್ರೇಕ್ ಮೇಲೆ ಕಾಲಿಟ್ಟೆ. ಅವಳು ಕಣ್ಣು ಬಿಟ್ಟಳು.

"ಅಪ್ಪಾ, ನಿಲ್ಸಬ್ಯಾಡ," ಅಂದಳು. "ಈ ಸಲ ಮುಟ್ತೀವಿ."

ಮುಟ್ಟಿದೆವು. ಹೆಣ್ಣು ಕೂಸು, ಗುಂಡುಗುಂಡಾಗಿತ್ತು. ಅವ್ವ ವಾರ್ಡಿಗೆಲ್ಲ ಸಕ್ಕರೆ ಹಂಚಿದಳು. ಪವಿತ್ರ ಮಾತ್ರ ನನ್ನನ್ನು ಪರವೂರಿನವನಂತೆ ನೋಡುತ್ತಿದ್ದಳು.

ಸುದ್ದಿ ತಿಳಿದು ಗೀತಮ್ಮ ಕೂಸಿಗೆ ಕುಲಾವಿ ತಂದರು. ಅವರೂ ಪವಿತ್ರಳೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಬಾಗಿಲಲ್ಲಿ ಅವರನ್ನು ನೋಡಿದ್ದೇ ಪವಿತ್ರ ಕೂಸನ್ನು ಎತ್ತಿ ತೋರಿಸಿದಳು.

"ಅವ್ವಾ, ಮುಟ್ಟಿದ್ವಿ ನೋಡು."

ಗೀತಮ್ಮನ ಕೈಯಿಂದ ಕುಲಾವಿ ಜಾರಿತು. ಮರುಗಳಿಗೆ ತಾಯಿ ಕೂಸು ಇಬ್ಬರನ್ನೂ ತಬ್ಬಿಕೊಂಡು ಗೋಳೋ ಎಂದು ಅತ್ತರು.

ನಾನು ಹೊರಗೆ ಓಡಿದೆ. ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಹಿಂದಿನ ಬಾಗಿಲು ತೆಗೆದೆ. ಸೀಟು ಖಾಲಿ ಇತ್ತು. ದಿಂಬು ಮಾತ್ರ ತಲೆ ಇಟ್ಟಷ್ಟು ಒತ್ತಿಕೊಂಡಿತ್ತು.

"ಪವಿತ್ರಾ, ಇಳಿಯೇ. ಕೂಸು ಉಳೀತು ಕಣೇ. ಬಾ, ಒಳಗೆ ಬಾ," ಅಂದೆ.

ಎಷ್ಟು ಕರೆದರೂ ದಿಂಬು ಉಬ್ಬಲಿಲ್ಲ.