ಘಾಟು ಬಾರದ ಮೆಣಸಿನಕಾಯಿ

ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದಲಾಲ ಪ್ರಭುಲಿಂಗಪ್ಪನ ಮಗಳು ಧನಶ್ರೀಗೆ ಬಂದ ಜ್ವರ ಇಳಿಯಲೇ ಇಲ್ಲ. ರಾಣೆಬೆನ್ನೂರಿನ ಡಾಕ್ಟರು ಡೆಂಗಿ ಎಂದರು, ಸೊಳ್ಳೆಯಿಂದ ಬಂದದ್ದು ಎಂದು ಆಸ್ಪತ್ರೆಗೆ ಸೇರಿಸಿಕೊಂಡರು. ಅಜ್ಜಿ ಭರಮವ್ವನಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಸೊಳ್ಳೆಯನ್ನು ಓಣಿ ಬಿಡಿಸಲು ಆಗುತ್ತದೆಯೇ? ಎದುರು ಮನೆಯ ಹೊಳಿಯವ್ವನನ್ನು ಬಿಡಿಸಬಹುದು.

ಹೊಳಿಯವ್ವ ಗಂಡ ಸತ್ತವಳು, ಮಕ್ಕಳಿಲ್ಲದವಳು. ಪ್ರಭುಲಿಂಗಪ್ಪನ ಅಂಗಡಿಯಲ್ಲೇ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ಧನಶ್ರೀ ಆಡಿ ಬೆಳೆದದ್ದೇ ಅವಳ ತೊಡೆಯ ಮೇಲೆ. ಜ್ವರ ಬರುವ ಮುಂಚೆ ಹುಡುಗಿ ಅವಳ ಮನೆಯಲ್ಲಿ ಸಜ್ಜಕ ತಿಂದಿದ್ದಳು. ಅಷ್ಟೇ ಸಾಕಾಯಿತು, ಮಾಟಗಾತಿ ಎಂದುಬಿಟ್ಟರು.

ಓಣಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಧನಶ್ರೀಯ ಅಂಗಿಗೆ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಎದ್ದರೆ ಹೊಳಿಯವ್ವ ನಿರ್ದೋಷಿ. ಏಳದಿದ್ದರೆ ಮಾಟ ನಿಜ, ಅವಳು ಅಂದೇ ಮನೆ ಬಿಡಬೇಕು.

"ಸುಡ್ರಿ," ಎಂದಳು ಹೊಳಿಯವ್ವ. "ನನ್ನ ಮನಿ ನನಗ ಉಳದ್ರ ಸಾಕು."

ದೃಷ್ಟಿ ತೆಗೆಯಲು ಎಲ್ಲರೂ ಕಿರಾಣಿ ಅಂಗಡಿಯ ಖಾರದ ಕಾಯಿ ತರುತ್ತಾರೆ. ಪ್ರಭುಲಿಂಗಪ್ಪನ ದೊಡ್ಡಸ್ತಿಕೆಗೆ ಅದು ಸಾಲಲಿಲ್ಲ. ತನ್ನ ಅಂಗಡಿಯಿಂದ ಡಬ್ಬಿ ಎಂಬ ತಳಿಯ ಮೊದಲ ದರ್ಜೆಯ ಕಾಯಿ ತರಿಸಿದ.

ಹೊಳಿಯವ್ವ ನೋಡಿದ್ದೇ ಎದ್ದು ನಿಂತಳು. "ಸಾವಕಾರ್ರ, ಇದು ಬಣ್ಣದ ಕಾಯಿ. ಇದಕ್ಕ ಘಾಟು ಎಲ್ಲೈತಿ? ಗುಂಟೂರು ಕಾಯಿ ತರಸ್ರಿ, ನಿಮ್ಮ ಕಾಲಿಗೆ ಬೀಳತೇನಿ."

"ನೋಡ್ರಿ, ಈಗ ದಾರಿ ಹುಡುಕಾಕತ್ತಾಳ!" ಎಂದಳು ಭರಮವ್ವ.

ಅಲ್ಲಿ ಕೂತವರೆಲ್ಲ ಆ ಕಾಯಿಯನ್ನೇ ಬೆಳೆದು, ತೂಗಿ, ಮಾರಿ ಉಣ್ಣುವವರು. ಅವರಿಗೆ ಗೊತ್ತಿರಲಿಲ್ಲ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಆದರೂ ಅದನ್ನೇ ಅಂಗಿಗೆ ನಿವಾಳಿಸಿದರು.

ಕಾಯಿ ಕೆಂಡದಲ್ಲಿ ಕರಕಲಾಯಿತು. ಯಾರೂ ಕೆಮ್ಮಲಿಲ್ಲ. ಹೊಳಿಯವ್ವನ ಜೊತೆ ತೊಟ್ಟು ಮುರಿಯುವ ಜೈತೂನಬಿ ಒಬ್ಬಳೇ ಸೆರಗು ಬಾಯಿಗೆ ಹಿಡಿದು ಜೋರಾಗಿ ಕೆಮ್ಮಿದಳು.

"ಕಾಯಿ ಧೂಳಿನ ಕೆಮ್ಮು, ನಿಂದು ದಿನಾ ಇದ್ದದ್ದ ಬಿಡವಾ," ಎಂದು ಒಬ್ಬ ಹಿರಿಯ ನಕ್ಕ.

ಬಿಸಿಲು ಇಳಿಯುವ ಮೊದಲೇ ಹೊಳಿಯವ್ವ ಮನೆಗೆ ಬೀಗ ಹಾಕಿ, ಗಂಟು ಹೊತ್ತು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಧನಶ್ರೀ ಹುಷಾರಾಗಿ ಮನೆಗೆ ಬಂದಳು. ಹಗಲೂ ರಾತ್ರಿ ಸಲಾಯಿನ್ ಏರಿಸಿದ ಡಾಕ್ಟರನ್ನು ಯಾರೂ ನೆನೆಯಲಿಲ್ಲ.

"ಆಕಿ ಹೋದ್ಲು, ಜ್ವರಾ ಇಳೀತು," ಎಂದು ಭರಮವ್ವ ಓಣಿಯ ತುಂಬ ಹೇಳಿಕೊಂಡು ಬಂದಳು.

ಸುಗ್ಗಿಗೆ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕೇರಳದ ಕಂಪನಿಯ ಸಾಹೇಬರು ಕಾಯಿ ಕೊಳ್ಳಲು ಬಂದರು. ಪ್ರಭುಲಿಂಗಪ್ಪ ಒಂದು ಡಬ್ಬಿ ಕಾಯಿಗೆ ಕಡ್ಡಿ ಗೀರಿ, ಹೊಗೆಯನ್ನು ಸಾಹೇಬರ ಮೂಗಿನ ಹತ್ತಿರ ಹಿಡಿದ.

"ಹೆದರಬ್ಯಾಡ್ರಿ ಸಾಹೇಬ್ರ. ಸುಟ್ರೂ ಘಾಟು ಬರೂದಿಲ್ಲ. ಅದ ನಮ್ಮ ಕಾಯಿ ಮರ್ಯಾದಿ!"

ರಾಶಿಯ ಪಕ್ಕ ಕೂತಿದ್ದ ಜೈತೂನಬಿಯ ಕೈ ನಿಂತಿತು. "ಖರೇ ಹೇಳಿದ್ರಿ ಸಾವಕಾರ್ರ. ಅವತ್ತು ಹೊಳಿಯವ್ವನೂ ಇದನ್ನ ಹೇಳಿದ್ಲು."

ಪ್ರಭುಲಿಂಗಪ್ಪ ಅವಳತ್ತ ತಿರುಗಲಿಲ್ಲ. "ಸುಮ್ನ ಕೆಲಸಾ ನೋಡ," ಎಂದ.

ಸಾಹೇಬರು ಮೂಸಿ ತಲೆಯಾಡಿಸಿದರು. ಮಾಲೆಲ್ಲ ಅವರಿಗೇ ಮಾರಾಟವಾಯಿತು. ಲಾರಿ ಬರುವವರೆಗೆ ಚೀಲ ಇಡಲು ಗೋದಾಮಿನಲ್ಲಿ ಜಾಗ ಸಾಲದೆ, ಪ್ರಭುಲಿಂಗಪ್ಪ ಹೊಳಿಯವ್ವನ ಮನೆಯ ಬೀಗ ಒಡೆಸಿದ.