ಗೋಡೆಗೆ ಹಚ್ಚಿದ ವಂಶವೃಕ್ಷ

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಮಾತು ತನಗೇ ತಾಗೀತೆಂದು ಪ್ರೊಫೆಸರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಜೀನ್‌ಗಳ ಸಂಶೋಧನೆ ಅವಳ ಕೆಲಸ. ಅವಳ ಅಣ್ಣ ಇಪ್ಪತ್ತೆರಡಕ್ಕೇ, ಓಡುತ್ತಿದ್ದವನು ಹಾಗೇ ಕುಸಿದು ಸತ್ತಿದ್ದ. ಆ ಹೃದಯದ ದೋಷ ಹುಡುಕಲೆಂದೇ ಮನೆಯವರೆಲ್ಲರ ರಕ್ತ ತೆಗೆದಿದ್ದಳು.

ಇವತ್ತು ಅನುದಾನ ಕೊಡುವ ಸಮಿತಿ ಬಂದಿತ್ತು. ರೋಗಿಗಳ ಮನೆಯವರ ಪರವಾಗಿ ಎರಡು ಮಾತಾಡಲಿ ಎಂದು ಅಕ್ಕನನ್ನು ಅವಳೇ ಕರೆಸಿದ್ದಳು. ಅಕ್ಕ ಮಾತಾಡಿದ್ದಕ್ಕೆ ಸಮಿತಿಯವರು ಕಣ್ಣೊರೆಸಿಕೊಂಡರು. ಅನುದಾನ ಸಿಕ್ಕಂತೆಯೇ ಎಂದು ಎಲ್ಲರೂ ಕೈಕುಲುಕಿದರು. ಆಮೇಲೆ ಅಕ್ಕ ಕಾರಿಡಾರಿನ ಗೋಡೆಯ ಮೇಲಿದ್ದ ವಂಶವೃಕ್ಷದ ಪೋಸ್ಟರ್ ಮುಂದೆ ನಿಂತುಬಿಟ್ಟಳು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಸತ್ತವರಿಗೆ ಅಡ್ಡಗೀಟು, ದೋಷವಿದ್ದವರಿಗೆ ಕಪ್ಪು. ಹೆಸರೊಂದೂ ಇಲ್ಲ. ಹೆಸರಿಲ್ಲದ ಮೇಲೆ ಯಾರಿಗೆ ಗೊತ್ತಾಗಬೇಕು ಎಂದುಕೊಂಡಿದ್ದಳು ಪ್ರೊಫೆಸರಮ್ಮ, ಮಹಾ ಬುದ್ಧಿವಂತೆ!

"ಇದು ನಮ್ಮನೆ ಕಣೇ," ಅಂದಳು ಅಕ್ಕ. "ಹುಟ್ಟಿದ ದಿನಾನೇ ಹೋದ ಅವಳಿಗಳು, ಅಣ್ಣ, ನಾನು, ನೀನು. ಅಡುಗೆಮನೇಲಿ ಕೂತು ನಾನೇ ಹೇಳಿ ಬರೆಸಿದ್ದಲ್ವಾ? ನಂದೂ ಕಪ್ಪು. ಇರ್ಲಿ ಬಿಡು, ನಾನು ಬದುಕಿದ್ದಾಯ್ತು." ಬೆರಳು ಕೆಳಗಿಳಿಯಿತು. "ನನ್ನ ಪುಟ್ಟಿದು ಯಾಕೆ ಕಪ್ಪಾಗಿದೆ?"

ಪ್ರೊಫೆಸರಮ್ಮ ಆ ಕಪ್ಪು ವೃತ್ತವನ್ನೇ ನೋಡಿದಳು. ಇನ್ನೊಂದು ಲ್ಯಾಬಿನಲ್ಲಿ ಖಾತ್ರಿಯಾಗುವವರೆಗೆ ಯಾರಿಗೂ ಹೇಳಬಾರದೆಂಬುದು ನಿಯಮ, ನಿಜ. ಆದರೆ ಖಾತ್ರಿಯಾಗಿಯೇ ಎರಡು ತಿಂಗಳಾಗಿತ್ತು. ಅರ್ಜಿಯ ಗಡಿಬಿಡಿ, ಈ ಭಾನುವಾರ ಹೇಳಿದರಾಯಿತು, ಮುಂದಿನ ಭಾನುವಾರ ಹೇಳಿದರಾಯಿತು. ಪೋಸ್ಟರಿಗೆ ಕಪ್ಪು ತುಂಬುವುದಕ್ಕೆ ಮಾತ್ರ ಪುರುಸೊತ್ತು ಸಿಕ್ಕಿತ್ತು. ಥೂ, ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

"ಗೋಡೆಗೆ ಗೊತ್ತು, ಹೆತ್ತೋಳಿಗೆ ಗೊತ್ತಿಲ್ಲ," ಅಂದಳು ಅಕ್ಕ, ದನಿಯೇರಿಸದೆ. "ಅವಳು ದಿನಾ ಈಜೋಕೆ ಹೋಗ್ತಾಳೆ."

"ಹೋಗಬಾರದು ಅಕ್ಕ. ನೀರಲ್ಲೇ ಅಪಾಯ ಜಾಸ್ತಿ. ಮೊದಲು ಮಾತ್ರೆ ಶುರು ಮಾಡ್ಬೇಕು."

"ಹಾಗಾದ್ರೆ ಫೋನ್ ಮಾಡು. ನೀನೇ ಹೇಳು."

ಫೋನು ಎಂಟು ಸಲ ಬಡಿದುಕೊಂಡಿತು. ಒಂಬತ್ತನೆಯದಕ್ಕೆ ಎತ್ತಿದ ಪುಟ್ಟಿ ಏದುಸಿರು ಬಿಡುತ್ತಿದ್ದಳು.

"ಚಿಕ್ಕಮ್ಮಾ! ಈಗಷ್ಟೇ ನೀರಿಂದ ಎದ್ದೆ. ದುಡ್ಡು ಸಿಕ್ತಾ? ಅಮ್ಮ ಚೆನ್ನಾಗಿ ಮಾತಾಡಿದ್ಲಾ?"

"ಪುಟ್ಟಿ, ಇನ್ಮೇಲೆ ನೀರಿಗೆ ಇಳೀಬೇಡ. ನಿನ್ನ ರಕ್ತದ ವರದಿ ಬಂದಿದೆ. ಮಾಮನ ದೋಷ ನಿನಗೂ ಇದೆ."

"ಅಯ್ಯೋ... ಯಾವಾಗ ಬಂತು?"

ಇವತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಕ್ಕ ಕಣ್ಣು ಕೀಳದೆ ನೋಡುತ್ತಿದ್ದಳು.

"ಎರಡು ತಿಂಗಳಾಯ್ತು."



"ಹೋದ ತಿಂಗಳು ನನ್ನ ಈಜಿನ ರೇಸಿಗೆ ಬಂದಿದ್ಯಲ್ಲ ಚಿಕ್ಕಮ್ಮ," ಅಂದಳು ಪುಟ್ಟಿ. "ಇನ್ನೂ ಜೋರಾಗಿ, ಇನ್ನೂ ಜೋರಾಗಿ ಅಂತ ನೀನೇ ಕೂಗ್ತಿದ್ದೆ."